ಮನೆಗೊಂದು ಅಡುಗೆ, ತನಗೊಂದು ಪಥ್ಯ ಬೇಕೆ?

"ಡಾಕ್ಟ್ರೇ, ನೀವು ಕೊಟ್ಟ ಚೀಟಿ ಒಂಬತ್ತು ದಿನ ನಡೀತು. ಹತ್ತನೇ ದಿನ ನನ್ನ ಕೈಲಿ ಆಗಲಿಲ್ಲ."

ಮೂರು ವಾರಗಳ ನಂತರ ಮತ್ತೆ ಬಂದ ಆ ಶಿಕ್ಷಕಿ ಏನೋ ತಪ್ಪು ಮಾಡಿದವರಂತೆ ಹೀಗೆ ಹೇಳಿದರು. (ಹೆಸರಿಲ್ಲದೆ ಬರೆಯಲು ಅವರೇ ಒಪ್ಪಿದ್ದಾರೆ.) ವಯಸ್ಸು 43, ಎತ್ತರ 155 ಸೆಂಟಿಮೀಟರ್, ತೂಕ 74 ಕಿಲೊ. ಬರಿಹೊಟ್ಟೆಯಲ್ಲಿ ಪರೀಕ್ಷಿಸಿದಾಗ ರಕ್ತದ ಸಕ್ಕರೆ 118 ಮಿಲಿಗ್ರಾಂ. ಇದು 126 ಮುಟ್ಟಿದರೆ ಸಕ್ಕರೆ ಕಾಯಿಲೆ. 100ರಿಂದ 125ರ ನಡುವೆ ಇದ್ದರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಂತೆ. ಅವರ ತಾಯಿಗೂ ಸಕ್ಕರೆ ಕಾಯಿಲೆ ಇತ್ತು. ಹೀಗಾಗಿ ತೂಕ ಇಳಿಸುವ ವಿಷಯ ಅಂದಚಂದದ್ದಾಗಿರಲಿಲ್ಲ.

ನಾನು ಕೊಟ್ಟ ಚೀಟಿ ಹೇಗಿತ್ತು ಗೊತ್ತೆ? ಬೆಳಿಗ್ಗೆ ಓಟ್ಸ್ ಗಂಜಿ, ಮಧ್ಯಾಹ್ನ ಎಣ್ಣೆ ಹಾಕದ ಎರಡು ಚಪಾತಿ ಮತ್ತು ಬೇಯಿಸಿದ ತರಕಾರಿ, ರಾತ್ರಿ ಸೂಪು, ಸೌತೆಕಾಯಿ. ಅಚ್ಚು ಹಾಕಿಸಿ ಇಟ್ಟುಕೊಂಡ ಹಾಳೆ, ಬಂದವರಿಗೆಲ್ಲ ಅದೇ. ಅವರ ಮನೆಯಲ್ಲಿ ಅತ್ತೆ, ಮಾವ, ಯಜಮಾನರು, ಇಬ್ಬರು ಮಕ್ಕಳು ಸೇರಿ ಆರು ಜನ. ಬೆಳಿಗ್ಗೆ ಐದಕ್ಕೆ ಎದ್ದು ತಿಂಡಿ, ಅಡುಗೆ, ನಾಲ್ಕು ಡಬ್ಬಿ ಮುಗಿಸಿ ಒಂಬತ್ತಕ್ಕೆ ಬಸ್ಸು ಹಿಡಿಯಬೇಕು. ಅದರ ನಡುವೆ ತನಗೊಬ್ಬಳಿಗೇ ಬೇರೆ ಅಡುಗೆ! ಒಂಬತ್ತು ದಿನ ನಡೆಸಿದ್ದೇ ಹೆಚ್ಚು.

ಮೊದಲ ಸಲ ಕೇಳದೆ ಬಿಟ್ಟ ಪ್ರಶ್ನೆಯನ್ನು ಆಗ ಕೇಳಿದೆ. "ನಿಮ್ಮ ಮನೇಲಿ ಯಾರು ಯಾವಾಗ ಊಟಕ್ಕೆ ಕೂರ್ತೀರಿ? ಕೊನೇಲಿ ಯಾರು?"

"ಕೊನೇಲಿ ನಾನೇ ಅಲ್ವೆ ಡಾಕ್ಟ್ರೇ."

ಎಲ್ಲ ಸಮಸ್ಯೆಯೂ ಆ ಉತ್ತರದಲ್ಲೇ ಇತ್ತು. ಕೊನೆಯಲ್ಲಿ ಕೂರುವವರಿಗೆ ಏನು ಉಳಿದಿರುತ್ತದೆ? ಪಲ್ಯ ಮುಗಿದಿರುತ್ತದೆ, ಕೋಸಂಬರಿ ತಳ ಕಂಡಿರುತ್ತದೆ, ಸಾರಿನಲ್ಲಿ ಬೇಳೆ ಹೋಗಿ ತಿಳಿ ಇರುತ್ತದೆ. ಧಾರಾಳವಾಗಿ ಉಳಿಯುವುದು ಅನ್ನ. ಜೊತೆಗೆ ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ, ಎರಡು ತುತ್ತು ಚಿತ್ರಾನ್ನ. ಅನ್ನ ಚೆಲ್ಲಬಾರದೆಂದು ಅದೂ ತಾಯಿಯ ಹೊಟ್ಟೆಗೇ. ಇದನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದ್ದರಿಂದ ಹೊಸ ಯೋಜನೆಯ ಮೊದಲ ನಿಯಮ ಬಡಿಸುವುದಕ್ಕೆ ಸಂಬಂಧಿಸಿದ್ದು. ಒಲೆಯಿಂದ ಇಳಿಸಿದ ಕೂಡಲೇ, ಯಾರಿಗೂ ಬಡಿಸುವ ಮೊದಲು, ತನ್ನ ಪಾಲಿನ ಪಲ್ಯವನ್ನು ಒಂದು ದೊಡ್ಡ ಬಟ್ಟಲಿಗೆ ತೆಗೆದಿಡುವುದು. ಸ್ವಾರ್ಥವೆಂದು ಆಕೆಗೆ ಮೊದಮೊದಲು ಸಂಕೋಚವಾಯಿತು. ನಾನು ಯಜಮಾನರನ್ನೂ ಕರೆಸಿ ಕೂರಿಸಿ ಮಾತನಾಡಿದೆ. ರಾತ್ರಿ ಊಟಕ್ಕಾದರೂ ಎಲ್ಲರೂ ಒಟ್ಟಿಗೆ ಕೂರುವುದೆಂದು ಅವರು ಒಪ್ಪಿಕೊಂಡರು.

ಎರಡನೆಯದು, ಅಡುಗೆ ಒಂದೇ, ತಟ್ಟೆಗಳು ಬೇರೆ. ನಮ್ಮ ಬಸ್ಸಾರನ್ನೇ ನೋಡಿ. ಸೊಪ್ಪು ಕಾಳು ಬೇಯಿಸಿ ಬಸಿದರೆ ಒಂದೇ ಪಾತ್ರೆಯಿಂದ ಸಾರೂ ಆಯಿತು, ಪಲ್ಯವೂ ಆಯಿತು. ಮಕ್ಕಳಿಗೆ ಅನ್ನ, ಸಾರು, ಮೇಲೆ ತುಪ್ಪ. ಈಕೆಗೆ ಎರಡು ಪಾಲು ಪಲ್ಯ, ಒಂದು ಪಾಲು ಅನ್ನ ಅಥವಾ ಚಿಕ್ಕ ಮುದ್ದೆ. ತುಪ್ಪ, ಕಾಯಿತುರಿ ಬೇಕಾದವರ ತಟ್ಟೆಗೆ ಬೀಳಲಿ, ಪಾತ್ರೆಗೆ ಬೇಡ. ಬೆಳೆಯುವ ಮಕ್ಕಳಿಗೆ ಪಥ್ಯ ಹೇರಕೂಡದು. ಅವರಿಗೆ ಹಾಲು, ಮೊಟ್ಟೆ, ಕಡಲೆಕಾಯಿ ಎಲ್ಲ ಬೇಕು.

ಅಂದ ಹಾಗೆ, ಮುದ್ದೆ ತಿಂದರೆ ತೂಕ ಇಳಿಯುತ್ತದೆಂದು ನಂಬಿರುವವರು ಬಹಳ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶವಂತೂ ಅಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು, ಎಲ್ಲ ನಿಜ. ಆದರೆ ನೂರು ಗ್ರಾಂ ಹಿಟ್ಟಿನಲ್ಲಿ ಕ್ಯಾಲೊರಿ 320ಕ್ಕೆ ಕಡಿಮೆಯಿಲ್ಲ; ಅಕ್ಕಿಯಲ್ಲಿ 350ರ ಆಸುಪಾಸು. ತೆಂಗಿನಕಾಯಿ ಗಾತ್ರದ ಮುದ್ದೆ ನುಂಗಿ ಅನ್ನ ಬಿಟ್ಟೆನೆಂದರೆ ಏನು ಬಂತು? ಗೋಧಿ ಚಪಾತಿಯ ಕಥೆಯೂ ಅಷ್ಟೇ.

ಇನ್ನು ಎಣ್ಣೆ. ಇದನ್ನು ತಟ್ಟೆಯಲ್ಲಿ ಅಳೆಯಲಾಗದು, ತಿಂಗಳ ಸಾಮಾನಿನ ಚೀಟಿಯಲ್ಲಿ ಅಳೆಯಬೇಕು. ಅವರ ಮನೆಗೆ ತಿಂಗಳಿಗೆ ಎಂಟು ಲೀಟರ್ ಬರುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಂತೆ 2000 ಕ್ಯಾಲೊರಿಯ ಆಹಾರದಲ್ಲಿ ಎಣ್ಣೆ ತುಪ್ಪ ಸೇರಿ ದಿನಕ್ಕೆ ಸುಮಾರು 27 ಗ್ರಾಂ. ಆರು ಜನಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ ಐದೂವರೆ ಲೀಟರಿನೊಳಗೇ ಆಯಿತು. ಒಂದು ಲೀಟರ್ ಎಣ್ಣೆಯಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಕ್ಯಾಲೊರಿ. ಎರಡೂವರೆ ಲೀಟರ್ ಕಡಿಮೆ ತಂದರೆ ಯಾರೂ ಪಥ್ಯ ಮಾಡದೆಯೇ ತಲೆಗೆ ದಿನಕ್ಕೆ ನೂರಕ್ಕೂ ಮಿಗಿಲು ಕ್ಯಾಲೊರಿ ಇಳಿಯಿತು. ಬಗ್ಗಿಸಿ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕಬೇಕು, ಅಷ್ಟೆ.

ಕಾಫಿ: ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಅಂದರೆ 160 ಕ್ಯಾಲೊರಿ. ಎರಡು ಲೋಟ ಬಿಟ್ಟರು, ಉಳಿದೆರಡಕ್ಕೆ ಒಂದೊಂದು ಚಮಚ.

ಹಬ್ಬದ ದಿನ ಒಬ್ಬಟ್ಟು ತಿನ್ನಬಾರದೆಂದು ನಾನು ಹೇಳುವುದಿಲ್ಲ. ಒಂದನ್ನು ಕೂತು, ರುಚಿ ನೋಡಿ ತಿನ್ನಿ. ತೊಂದರೆ ಇರುವುದು ಮುಂದಿನ ನಾಲ್ಕು ದಿನ ಡಬ್ಬಿಯಲ್ಲಿ ಉಳಿಯುವ ಒಬ್ಬಟ್ಟಿನಿಂದ. ಅದನ್ನು ಅಕ್ಕಪಕ್ಕದ ಮನೆಗೆ ಹಂಚುವ ಪದ್ಧತಿ ಒಳ್ಳೆಯದು. ಏಕಾದಶಿ ಉಪವಾಸವೆಂದು ತಟ್ಟೆ ತುಂಬ ಸಬ್ಬಕ್ಕಿ ಖಿಚಡಿ ತಿನ್ನುವುದು ಉಪವಾಸವೂ ಅಲ್ಲ, ಪಥ್ಯವೂ ಅಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ಈ ಮನೆಯ ಮಾವನವರು ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಸೊಸೆಯ ಜೊತೆ ಅವರೂ ಅನ್ನ ಅರ್ಧಕ್ಕೆ ಇಳಿಸಿದರು, ನನಗೆ ಹೇಳಲಿಲ್ಲ. ನಾಲ್ಕನೇ ದಿನ ಸಂಜೆ ಬೆವರಿ, ಕೈ ನಡುಗಿ ಜಗುಲಿಯ ಮೇಲೆ ಕುಸಿದು ಕುಳಿತರು. ಮನೆಯವರು ತಕ್ಷಣ ಸಕ್ಕರೆ ನೀರು ಕುಡಿಸಿದ್ದರಿಂದ ಚೇತರಿಸಿಕೊಂಡರು. ಮಾತ್ರೆಯ ಪ್ರಮಾಣ ಇಳಿಸಬೇಕಾಯಿತು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಊಟ ಬದಲಿಸಬಾರದು.

ಗುರಿಯನ್ನೂ ದೊಡ್ಡದಾಗಿ ಇಟ್ಟುಕೊಳ್ಳಲಿಲ್ಲ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ದೇಹತೂಕದ ನೂರಕ್ಕೆ ಏಳರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡಾಗ ಕಾಯಿಲೆ ಬರುವ ಸಂಭವ ಅರ್ಧಕ್ಕಿಂತಲೂ ಕಡಿಮೆಯಾಯಿತೆಂದು ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಈಕೆಗೆ ಏಳು ಎಂದರೆ ಐದು ಕಿಲೊ. ಎಂಟು ತಿಂಗಳು ಹಿಡಿಯಿತು. ನಡುವೆ ಮದುವೆಗಳ ಕಾಲದಲ್ಲಿ ಒಂದೂವರೆ ಕಿಲೊ ಹಿಂದಕ್ಕೆ ಬಂದು, ಮತ್ತೆ ಹೋಯಿತು. ಈಗ ತೂಕ 69, ಬರಿಹೊಟ್ಟೆಯ ಸಕ್ಕರೆ 103.

ಕಳೆದ ವಾರ ಅವರ ಅತ್ತೆ ಕೆಮ್ಮಿಗೆ ಔಷಧಿ ಕೇಳಿಕೊಂಡು ಬಂದಿದ್ದರು. ಸಾರಿಗೆ ಒಗ್ಗರಣೆ ಘಮ್ಮೆನ್ನುವುದಿಲ್ಲವೆಂದು ಅವರಿಗೆ ನನ್ನ ಮೇಲೆ ಕೋಪ. ಭಾನುವಾರ ಒಂದು ಚಮಚ ತುಪ್ಪದ ಒಗ್ಗರಣೆಗೆ ಅನುಮತಿ ಕೊಟ್ಟು ಕಳುಹಿಸಿದ್ದೇನೆ.