ಮನೆಯ ವಿದ್ಯುತ್ ಖರ್ಚು: ಅಂದಾಜು ಒಂದು, ಮೀಟರು ಇನ್ನೊಂದು

ಕುಮಟಾ ತಾಲ್ಲೂಕಿನ ಹಿರೇಗುತ್ತಿಯಂತಹ ಕರಾವಳಿ ಗ್ರಾಮಗಳಲ್ಲಿ ಹಂಚಿನ ಮಾಡಿನ ಮನೆಗಳ ಜಾಗದಲ್ಲಿ ತಾರಸಿ ಮನೆಗಳು ಏಳುತ್ತಿವೆ. ಮನೆ ಕಟ್ಟುವಾಗ ದೀಪ, ಫ್ಯಾನು, ಪಂಪುಗಳ ಪಟ್ಟಿ ಮಾಡಿ ತಿಂಗಳಿಗೆ ಇಂತಿಷ್ಟು ಯೂನಿಟ್ ಸಾಕೆಂದು ಲೆಕ್ಕ ಹಾಕುವುದುಂಟು. ಮನೆ ಹೊಕ್ಕ ಮೇಲೆ ಬಿಲ್ಲು ಬೇರೆಯದನ್ನೇ ಹೇಳುತ್ತದೆ. ಆಗ ಮೀಟರನ್ನು ದೂರುವುದು ವಾಡಿಕೆ. ತಪ್ಪು ಹೆಚ್ಚಾಗಿ ಇರುವುದು ಅಂದಾಜಿನಲ್ಲಿ.

2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ಈ ವ್ಯತ್ಯಾಸಕ್ಕೆ ಹೆಚ್ಚಿನ ಮಹತ್ವ ಬಂದಿದೆ. ಹಿಂದಿನ ಸರಾಸರಿ ಬಳಕೆಯನ್ನು ನೋಡಿ ಪ್ರತಿ ಮನೆಗೂ ಉಚಿತ ಯೂನಿಟ್ಟುಗಳನ್ನು ಗೊತ್ತುಮಾಡಲಾಗುತ್ತದೆ. ಅದನ್ನು ಮೀರಿದರೆ ಹೆಚ್ಚಿನ ಭಾಗಕ್ಕೆ ಹಣ ಕೊಡಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು.

ಅಂದಾಜಿಗೂ ಬಳಕೆಗೂ ಇರುವ ಅಂತರ ಕರ್ನಾಟಕದ ಗೃಹಿಣಿಯರಿಗೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಮೂರು ಪಾತ್ರೆಗಳ, ಹೊಗೆಕೊಳವೆಯ ಒಲೆಯೊಂದನ್ನು ರೂಪಿಸಿತು. ಹೇಳಿದ ಅಳತೆಯಲ್ಲಿ ಕಟ್ಟಿ ಮೂರೂ ಪಾತ್ರೆ ಇಟ್ಟು ಉರಿಸಿದರೆ ಸೌದೆ ಬಹಳ ಉಳಿಯುತ್ತದೆ. ಒಂದೇ ಪಾತ್ರೆ ಇಟ್ಟರೆ ಅಥವಾ ಗಾರೆಯವನು ಒಲೆಯ ಬಾಯಿ ಅಗಲ ಮಾಡಿದರೆ ಉಳಿತಾಯ ಕೊಳವೆಯಲ್ಲಿ ಹಾರಿಹೋಗುತ್ತದೆ. ಮನೆಯ ವಿದ್ಯುತ್ತಿನ ಸಂಗತಿಯೂ ಇದೇ.

ಮೊದಲು ಫ್ಯಾನನ್ನು ನೋಡೋಣ. ಸಾಮಾನ್ಯ ಫ್ಯಾನು ಸುಮಾರು 75 ವಾಟ್ ಎಳೆಯುತ್ತದೆ. ನಾಲ್ಕು ಫ್ಯಾನುಗಳು ದಿನಕ್ಕೆ 6 ಗಂಟೆ ತಿರುಗಿದರೆ ತಿಂಗಳಿಗೆ 54 ಯೂನಿಟ್. ಏಪ್ರಿಲ್–ಮೇ ಸೆಕೆಯಲ್ಲಿ ಅವೇ 14 ಗಂಟೆ ತಿರುಗಿದರೆ 126 ಯೂನಿಟ್. ಹಂಚಿನ ಮಾಡಿನ ಸಂದುಗಳಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತಿತ್ತು. ತಾರಸಿ ಹಗಲಿಡೀ ಬಿಸಿಲು ಕುಡಿದು ರಾತ್ರಿ ಒಳಗೆ ಕಾರುತ್ತದೆ. ಫ್ಯಾನಿನ ತಾಸುಗಳನ್ನು ಲೆಕ್ಕ ಹಾಕಿದವರು ಇದನ್ನು ಗಮನಿಸಿರುವುದಿಲ್ಲ. ತಾರಸಿಯ ಮೇಲೆ ತಗಡಿನ ಮಾಡು ಹಾಕಿದರೆ ನೆರಳಾಗುತ್ತದೆ, ನಿಜ. ಆದರೆ ಸೌದೆ, ತೆಂಗಿನಕಾಯಿ ತುಂಬಿ ಸುತ್ತಲೂ ಮುಚ್ಚಿಬಿಟ್ಟರೆ ಕೆಳಗಿನ ಗಾಳಿ ಕಾದು ಅಲ್ಲೇ ನಿಲ್ಲುತ್ತದೆ. ಮಳೆಗಾಲದ ಜಡಿಗೆ ಕಿಟಕಿಗೆ ಕಟ್ಟಿದ ಪ್ಲಾಸ್ಟಿಕ್ ಹಾಳೆಯನ್ನು ಬೇಸಿಗೆಯಲ್ಲೂ ಬಿಚ್ಚದ ಮನೆಗಳಿವೆ! ನಕ್ಷೆಯಲ್ಲಿ ಕಿಟಕಿ ಇದ್ದು ಪ್ರಯೋಜನವೇನು?

ಪಂಪಿನ ವಿಷಯದಲ್ಲಿ ಮೋಸಹೋಗುವುದು ಸುಲಭ. 1 ಅಶ್ವಶಕ್ತಿ ಎಂದರೆ 746 ವಾಟ್. ಆದರೆ ಅದು ಮೋಟಾರು ಹೊರಗೆ ಕೊಡುವ ಶಕ್ತಿ, ತಂತಿಯಿಂದ ಎಳೆಯುವುದಲ್ಲ. ಮೋಟಾರಿನ ದಕ್ಷತೆ ಶೇಕಡಾ 60 ಇದ್ದರೆ ಅದು ಸುಮಾರು 1,240 ವಾಟ್ ಎಳೆಯುತ್ತದೆ. ದಿನಕ್ಕೆ ಅರ್ಧ ಗಂಟೆ ಸಾಕೆಂದರೆ ತಿಂಗಳಿಗೆ 19 ಯೂನಿಟ್. ಫುಟ್‌ವಾಲ್ವ್ ಸೋರಿ ಅಥವಾ ಜಾಲರಿ ಕಟ್ಟಿ ಒಂದು ಗಂಟೆ ಓಡಿಸಬೇಕಾದರೆ 37. ರೆಫ್ರಿಜರೇಟರಿನ ಚೀಟಿಯಲ್ಲಿರುವ ವಾರ್ಷಿಕ ಯೂನಿಟ್ಟುಗಳೂ ಗೊತ್ತಾದ ಪರೀಕ್ಷಾ ಸ್ಥಿತಿಯಲ್ಲಿ ಅಳೆದವು. ಒಲೆಯ ಪಕ್ಕ, ಗೋಡೆಗೆ ಒತ್ತಿಕೊಂಡು ನಿಂತ ಪೆಟ್ಟಿಗೆ ಅದಕ್ಕಿಂತ ಹೆಚ್ಚು ತಿನ್ನುತ್ತದೆ.

ದೊಡ್ಡ ಕಟ್ಟಡಗಳಲ್ಲೂ ಇದೇ ಕಥೆ. 2007ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಮುಖ್ಯವಾಗಿ ವಿನ್ಯಾಸಕ್ಕೆ ಸಂಬಂಧಿಸಿದ್ದು. ಆದರೆ ಇಂಧನ ದಕ್ಷತಾ ಬ್ಯೂರೋ ಕಚೇರಿ ಕಟ್ಟಡಗಳಿಗೆ ನಕ್ಷತ್ರ ಕೊಡುವುದು ವರ್ಷದಲ್ಲಿ ನಿಜವಾಗಿ ಬಳಸಿದ ಯೂನಿಟ್ಟುಗಳನ್ನು ನೋಡಿ. ಇದೇ ಸರಿಯಾದ ಕ್ರಮ.

ಮನೆಯಲ್ಲೂ ಇದನ್ನು ಅನುಸರಿಸಬಹುದು. ರಾತ್ರಿ ಮಲಗುವಾಗ ಒಮ್ಮೆ, ಬೆಳಿಗ್ಗೆ ಎದ್ದಾಗ ಒಮ್ಮೆ ಮೀಟರಿನ ಅಂಕಿಯನ್ನು ಒಂದು ವಾರ ಬರೆದಿಡಬೇಕು. ಮೀಟರಿನ ಮೇಲೆ ಯೂನಿಟ್ಟಿಗೆ 3200 ಎಂದು ನಮೂದಿಸಿದ್ದರೆ, ಕೆಂಪು ದೀಪ ಅಷ್ಟು ಸಲ ಮಿನುಗಿದಾಗ ಒಂದು ಯೂನಿಟ್ ಖರ್ಚಾಗಿರುತ್ತದೆ. ಮೇಲೆ ಹೇಳಿದ ಪಂಪೊಂದನ್ನೇ ಓಡಿಸಿದರೆ ನಿಮಿಷಕ್ಕೆ ಸುಮಾರು 66 ಸಲ ಮಿನುಗಬೇಕು. ಎಲ್ಲ ಉಪಕರಣಗಳ ಪ್ಲಗ್ಗು ಕಿತ್ತು, ಸ್ವಿಚ್ಚುಗಳನ್ನು ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ತಂತಿಯಲ್ಲಿ ಸೋರಿಕೆ ಇರಬಹುದು. ಉಪ್ಪುಗಾಳಿಗೆ ತುಕ್ಕು ಹಿಡಿದ ಜೋಡಣೆಗಳನ್ನು ತಾವೇ ಬಿಚ್ಚಲು ಹೋಗದೆ ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದ ಪರೀಕ್ಷೆ ಮಾಡಿಸಬೇಕು.