ಮುಯ್ಯಾಳಿನ ಲೆಕ್ಕ

ಕಷ್ಟದಲ್ಲಿರುವ ಗೆಳೆಯನಿಗೆ 'ಏನಾದರೂ ಬೇಕಿದ್ದರೆ ಹೇಳು' ಎಂದಿರುತ್ತೀರಿ. ಅವನು ಬಹುಶಃ ಏನೂ ಕೇಳಿರಲಾರ. ಕೇಳುವುದೂ ಒಂದು ಭಾರವೇ.

ಹೊಳೆನರಸೀಪುರದ ಕಡೆ ಭತ್ತದ ನಾಟಿಗೆ, ಚನ್ನರಾಯಪಟ್ಟಣದ ಕಡೆ ರಾಗಿ ಕೊಯ್ಲಿಗೆ, ಅರಕಲಗೂಡಿನಲ್ಲಿ ಮುಂಗಾರಿನ ಆಲೂಗೆಡ್ಡೆ ಬಿತ್ತನೆಗೆ ಮುಯ್ಯಾಳು ಹೋಗುತ್ತಿದ್ದುದನ್ನು ನಿಮ್ಮ ಅಜ್ಜಿ ಬಲ್ಲರು. ಇಂದು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಕೂಲಿಯಿಲ್ಲ, ಆಳಿಗೆ ಆಳು, ದಿನಕ್ಕೆ ದಿನ. ಕೈಯಲ್ಲಿ ಕಾಸಿಲ್ಲದವರ ಹೊಲವೂ ಹದ ತಪ್ಪದೆ ಬಿತ್ತನೆಯಾಗುತ್ತಿತ್ತು. ಯಂತ್ರ ಬಂದು ಮುಯ್ಯಾಳು ಕಡಿಮೆಯಾಯಿತು, ನಿಜ. ಆದರೆ ಸಾವಾದ ಮನೆಗೆ ನೆರೆಯವರು ಅನ್ನ ಸಾರು ಒಯ್ಯುವುದು ನಿಂತಿಲ್ಲ. ಅಲ್ಲಿ 'ಏನು ಬೇಕು' ಎಂದು ಯಾರೂ ಕೇಳುವುದಿಲ್ಲ.

ನೀವೂ ಕೆಲಸದ ಹೆಸರು ಹಿಡಿದೇ ಹೋಗಿ. 'ನಾಳೆ ಹಾಸನದ ಆಸ್ಪತ್ರೆಯಲ್ಲಿ ಚೀಟಿಗೆ ನಾನು ನಿಲ್ಲುತ್ತೇನೆ, ನೀನು ಅಮ್ಮನ ಹತ್ತಿರ ಕೂತಿರು' ಎನ್ನಿ. ತಪ್ಪಿಹೋದ ಪಾಠದ ನೋಟ್ಸ್ ಬರೆದುಕೊಡಿ. ಮನೆಯಲ್ಲೂ ಅಷ್ಟೇ, ಅಮ್ಮ ಕರೆಯುವ ಮೊದಲೇ ನೀರು ತುಂಬಿಡಿ.

ಒಂದು ಸಂಗತಿಗೆ ಮಾತ್ರ ನೀವೊಬ್ಬರೇ ಸಾಲದು. ಗೆಳತಿ 'ಬದುಕೇ ಬೇಡ' ಎಂದರೆ ಗುಟ್ಟು ಕಾಯಬೇಡಿ. ಒಂಟಿಯಾಗಿ ಬಿಡದೆ ಹಿರಿಯರಿಗೆ ತಿಳಿಸಿ. 2022ರಲ್ಲಿ ಆರಂಭವಾದ ಟೆಲಿ ಮನಸ್‌ನ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.