ಪುಟ್ಟ ಆಸನವೂ ಪುಟ್ಟ ಮಗುವೂ

ಎರಡು ಬಾಗಿಲಿನ ಕಾರು ಪಲ್ಲಾವರದ ಜಿ.ಎಸ್.ಟಿ. ರಸ್ತೆಗೆ ಹೊಸದಲ್ಲ. ಇದೇ ರಸ್ತೆಯಲ್ಲಿ ತೆಂಕಣಕ್ಕೆ ಸಾಗಿದರೆ ಸಿಗುವ ವಂಡಲೂರಿನ ಬಳಿ ಸ್ಟ್ಯಾಂಡರ್ಡ್ ಕಂಪನಿಯು 1960ರ ದಶಕದಲ್ಲಿ ಹೆರಾಲ್ಡ್ ಕಾರುಗಳನ್ನು ತಯಾರಿಸುತ್ತಿದ್ದಿತು. ಮೊದಮೊದಲ ಹೆರಾಲ್ಡಿಗೆ ಎರಡೇ ಬಾಗಿಲು. ಮಕ್ಕಳು ಮುಂದಿನ ಆಸನವನ್ನು ಮಡಿಸಿ ಹಿಂದಕ್ಕೆ ನುಸುಳಬೇಕಾಗಿತ್ತು. ಅವರನ್ನು ಬೆಲ್ಟಿನಿಂದ ಬಿಗಿಯಬೇಕೆಂಬ ಕಾನೂನು ಆಗ ಇರಲಿಲ್ಲ.

ಈಗ ಇದೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯಿದೆಯ 194ಬಿ ಕಲಮಿನ ಮೇರೆಗೆ, ಹದಿನಾಲ್ಕು ವರ್ಷ ತುಂಬದ ಮಗುವನ್ನು ಸೀಟು ಬೆಲ್ಟಿನಿಂದಾಗಲಿ ಮಕ್ಕಳ ಸೀಟಿನಿಂದಾಗಲಿ ಭದ್ರಪಡಿಸದೆ ವಾಹನ ನಡೆಸುವವರಿಗೂ, ಹಾಗೆ ನಡೆಸಗೊಡುವವರಿಗೂ 1,000 ರೂಪಾಯಿ ಜುಲ್ಮಾನೆ. ಇದು ಕೇಂದ್ರದ ಕಾಯಿದೆಯಾದುದರಿಂದ ಹೊಸೂರಿನ ಗಡಿ ದಾಟಿದರೂ ನಿಯಮ ಬದಲಾಗದು. ಸ್ಪೋರ್ಟ್ಸ್ ಕಾರೆಂಬ ಕಾರಣಕ್ಕೆ ವಿನಾಯಿತಿಯೂ ಇಲ್ಲ.

ಆದರೆ ಕಾನೂನು ನಿಂತಲ್ಲಿಯೇ ತಾಯಿತಂದೆಯರೂ ನಿಲ್ಲಲಾಗದೆಂಬುದು ನಮ್ಮ ಅಭಿಪ್ರಾಯ. ಬೆಲ್ಟು ದೊಡ್ಡವರ ಮೈಗೆ ಅಳೆದು ಮಾಡಿದ ವಸ್ತು. ಮೂರು ವರ್ಷದ ಕೂಸಿಗೆ ಅದರ ಮೇಲಿನ ಪಟ್ಟಿ ಕೊರಳಿಗೆ ತಾಗುತ್ತದೆ. ಕೆಳಗಿನದು ಸೊಂಟದ ಎಲುಬನ್ನು ಬಿಟ್ಟು ಹೊಟ್ಟೆಯ ಮೇಲೇರುತ್ತದೆ. ಜರ್ಮನಿಯಲ್ಲಿ 12 ವರ್ಷ ತುಂಬುವವರೆಗೆ, ಇಲ್ಲವೆ 150 ಸೆಂಟಿಮೀಟರ್ ಎತ್ತರ ಬೆಳೆಯುವವರೆಗೆ ಮಕ್ಕಳ ಸೀಟು ಕಡ್ಡಾಯ. ಬ್ರಿಟನ್ನಿನಲ್ಲಿ ಆ ಎತ್ತರ 135 ಸೆಂಟಿಮೀಟರ್.

ಪೋರ್ಷೆ 911, ಫೋರ್ಡ್ ಮಸ್ಟಾಂಗ್ ಮೊದಲಾದ ಕಾರುಗಳ ಹಿಂಬದಿಯಲ್ಲಿ ಎರಡು ಕಿರಿದಾದ ಆಸನಗಳಿರುತ್ತವೆ. ಕಿರಿದಾದುದರಿಂದ ಅವು ಕಿರಿಯರಿಗೇ ಎಂದು ಕೊಳ್ಳುವವರು ಊಹಿಸುತ್ತಾರೆ. ಸಂಗತಿ ಹಾಗಿಲ್ಲ. ಮಗುವಿಗೆ ಮೈ ಚಿಕ್ಕದು, ಸೀಟು ದೊಡ್ಡದು. ಕೂಸಿನ ಸೀಟು ಹಿಮ್ಮುಖವಾಗಿರಬೇಕು. ಆರ್129 ಎಂಬ ವಿಶ್ವಸಂಸ್ಥೆಯ ನಿಯಮದ ಸೀಟುಗಳಲ್ಲಿ ಕನಿಷ್ಠ 15 ತಿಂಗಳವರೆಗೆ. ಅದನ್ನಿಡಲು ಮುಂದಿನ ಆಸನವನ್ನು ಮುಂದೆ ತಳ್ಳಿ ತಳ್ಳಿ, ಕೊನೆಗೆ ಅಲ್ಲಿ ಕುಳಿತವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತುತ್ತದೆ. ಮುಮ್ಮುಖದ ಸೀಟಿಗೆ ಬೇರೆಯೇ ತೊಡಕು: ಹಿಂಬದಿಯ ಆಸನವು ಬೋಗುಣಿಯಂತೆ ಗುಳಿಬಿದ್ದಿದ್ದರೆ ಸೀಟಿನ ಬುಡ ಸಮನಾಗಿ ಕೂರದೆ ಅಲುಗಾಡುತ್ತದೆ, ಇಳಿಜಾರಿನ ಚಾವಣಿ ಅದರ ಬೆನ್ನಿಗೆ ತಡೆಯಾಗುತ್ತದೆ. ಅಪಘಾತದಲ್ಲಿ ಮಗುವಿನ ತಲೆ ಅರ್ಧ ಮೀಟರಿನಷ್ಟು ಮುಂದಕ್ಕೆ ಚಿಮ್ಮಬಹುದು. ಮುಂದಿನ ಆಸನದ ಬೆನ್ನು ಅದಕ್ಕಿಂತ ಹತ್ತಿರವಿದ್ದರೆ ತಲೆ ಹೋಗಿ ಬಡಿಯುವುದು ಅಲ್ಲಿಗೇ.

ಹಾಗಾದರೆ ಮುಂದೆಯೇ ಕೂರಿಸೋಣವೆನ್ನುವವರುಂಟು. ಎದುರಿನ ಏರ್‌ಬ್ಯಾಗನ್ನು ನಿಷ್ಕ್ರಿಯಗೊಳಿಸದೆ ಅಲ್ಲಿ ಹಿಮ್ಮುಖದ ಸೀಟನ್ನು ಎಂದಿಗೂ ಇಡಕೂಡದು. ಹಿರಿಯರ ಪ್ರಾಣ ಕಾಯುವ ಚೀಲವು ಕೂಸಿನ ತಲೆಯ ಹಿಂದೆಯೇ ಸಿಡಿಯುತ್ತದೆ. ಕೆಲವು ಕಾರುಗಳಲ್ಲಿ ಅದನ್ನು ತಡೆಹಿಡಿಯುವ ಕೀಲಿಯಿದೆ, ಕೆಲವುಗಳಲ್ಲಿಲ್ಲ. ಕಾರಿನ ಕೈಪಿಡಿಯನ್ನು ಓದದೆ ಈ ವಿಷಯದಲ್ಲಿ ಮುಂದುವರಿಯಬಾರದು.

ಇನ್ನು ಮಡಿಲು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಡಿಕ್ಕಿ ಹೊಡೆದು ಅರ್ಧ ಮೀಟರಿನೊಳಗೆ ನಿಂತರೆ, 10 ಕಿಲೋ ತೂಕದ ಮಗುವನ್ನು ಹಿಡಿದಿರಲು 150 ಕಿಲೋ ಭಾರವನ್ನು ಎತ್ತುವುದಕ್ಕಿಂತ ಹೆಚ್ಚಿನ ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ.

ಆದಕಾರಣ ಮುಂಗಡ ಕೊಡುವ ಮೊದಲೇ ಮಗುವನ್ನೂ ಅದರ ಸೀಟನ್ನೂ ಮಾರಾಟದಂಗಡಿಗೆ ಒಯ್ಯಿರಿ. ಐಸೋಫಿಕ್ಸ್ ಕೊಂಡಿಗಳು ಇವೆಯೇ, ಸೀಟಿನ ನೆತ್ತಿಯ ಪಟ್ಟಿಯನ್ನು ಸಿಕ್ಕಿಸಲು ಹಿಂದೆ ಕೊಕ್ಕೆಯಿದೆಯೇ ನೋಡಿರಿ. ಬಿಗಿದ ಮೇಲೆ ಬುಡವನ್ನು ಹಿಡಿದು ಜಗ್ಗಿರಿ. ಕೂರದಿದ್ದರೆ ಮಗು ಬೇರೊಂದು ಕಾರಿನಲ್ಲಿ ಹೋಗಲಿ. ಪೇಟೆಯೊಳಗಿನ ಓಡಾಟಕ್ಕೆ 1931ರಿಂದ ಓಡುತ್ತಿರುವ ವಿದ್ಯುತ್ ರೈಲು ಪಲ್ಲಾವರದಲ್ಲಿ ನಿಲ್ಲುತ್ತಲೇ ಇದೆ.

ಪಲ್ಲಾವರದ ಶುಕ್ರವಾರದ ಸಂತೆಯಲ್ಲಿ ಹಳೆಯ ಸಾಮಾನು ಅಗ್ಗಕ್ಕೆ ದೊರೆಯುವುದು ನಮ್ಮವರಿಗೆಲ್ಲ ಗೊತ್ತು. ಕುರ್ಚಿ, ಗಡಿಯಾರ, ಪಾತ್ರೆಗಳನ್ನು ಅಲ್ಲಿ ಧಾರಾಳವಾಗಿ ಕೊಳ್ಳಬಹುದು. ಮಕ್ಕಳ ಸೀಟೊಂದನ್ನು ಮಾತ್ರ ಬೇಡ. ಹಿಂದೆ ಅಪಘಾತಕ್ಕೆ ಸಿಕ್ಕಿದ ಸೀಟಿನ ಒಳಬಿರುಕು ಹೊರಗಿನ ಬಟ್ಟೆಯ ಮೇಲೆ ಕಾಣುವುದಿಲ್ಲ.